ಮಾತು ಹೋದಾಗ ಉಳಿಯುವುದೇನು?

1861ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಾರ್ಡಿಗೆ ಲೆಬೋರ್ನ್ ಎಂಬ ರೋಗಿಯನ್ನು ತಂದು ಮಲಗಿಸಿದರು. ವಯಸ್ಸು 51. ಬಲಗಾಲಿಗೆ ಸೋಂಕು ತಗುಲಿ ಕೊಳೆಯತೊಡಗಿತ್ತು. ಆಸ್ಪತ್ರೆಯವರಿಗೆ ಆತ ಹೊಸಬನಲ್ಲ; 21 ವರ್ಷಗಳಿಂದ ಅಲ್ಲೇ ಇದ್ದವನು. ಏನು ಕೇಳಿದರೂ ಅವನ ಬಾಯಿಂದ ಹೊರಡುತ್ತಿದ್ದುದು ‘ತಾನ್, ತಾನ್’ ಎಂಬ ಸದ್ದು ಮಾತ್ರ. ಹಾಗಾಗಿ ಎಲ್ಲರೂ ಅವನನ್ನು ತಾನ್ ಎಂದೇ ಕರೆಯುತ್ತಿದ್ದರು. ತೀರಾ ಸಿಟ್ಟು ಬಂದಾಗ ದೇವರ ಹೆಸರು ಹಿಡಿದ ಒಂದು ಬೈಗುಳ ಮಾತ್ರ ತೊಡಕಿಲ್ಲದೆ ಹೊರಬೀಳುತ್ತಿತ್ತು.

ಅವನನ್ನು ಪರೀಕ್ಷಿಸಿದ ಶಸ್ತ್ರವೈದ್ಯ ಪಾಲ್ ಬ್ರೋಕಾ, ಇಲ್ಲಿಗೆ ಬಂದು ಎಷ್ಟು ವರ್ಷವಾಯಿತು ಎಂದು ಕೇಳಿದ. ತಾನ್ ತನ್ನ ಎಡಗೈಯನ್ನು ನಾಲ್ಕು ಸಲ ಅಗಲಿಸಿ ತೋರಿಸಿ, ಕೊನೆಗೊಂದು ಬೆರಳೆತ್ತಿದ. ಇಪ್ಪತ್ತೊಂದು. ಲೆಕ್ಕ ಸರಿಯಾಗಿತ್ತು. ಗಡಿಯಾರ ತೋರಿಸಿದರೆ ಗಂಟೆಯೆಷ್ಟು ಎಂಬುದೂ ಅವನಿಗೆ ತಿಳಿಯುತ್ತಿತ್ತು. ಕೆಲವೇ ದಿನಗಳಲ್ಲಿ, ಏಪ್ರಿಲ್ 17ರಂದು ಆತ ತೀರಿಕೊಂಡ. ಬ್ರೋಕಾ ಅವನ ಮಿದುಳನ್ನು ಹೊರತೆಗೆದು ಮರುದಿನವೇ ಪ್ಯಾರಿಸ್ಸಿನ ಮಾನವಶಾಸ್ತ್ರ ಸಂಘದ ಮುಂದಿಟ್ಟ. ಎಡಭಾಗದಲ್ಲಿ, ಕಣತಲೆಯ ಹಿಂದಿನ ಜಾಗದಲ್ಲಿ ಮಿದುಳು ಕರಗಿ ಗುಳಿಬಿದ್ದಿತ್ತು.

ಬ್ರೋಕಾನ ಹೆಸರು ಹೊತ್ತ ಆ ಗುಳಿಯ ಜಾಗ ವೈದ್ಯಕೀಯ ಪಠ್ಯಗಳಲ್ಲಿ ನಿಂತಿತು. ಆ ನಾಲ್ಕು ಸಲ ಅಗಲಿಸಿದ ಕೈಯನ್ನು ನೆನಪಿಟ್ಟುಕೊಂಡವರು ಕಡಿಮೆ. ಮಾತಿನ ವಿಜ್ಞಾನ ಶುರುವಾದ ದಿನವೇ ಎರಡು ಸಂಗತಿಗಳು ಒಟ್ಟಿಗೆ ಗೊತ್ತಾಗಿದ್ದವು: ಮಾತು ಮಿದುಳಿನ ಒಂದು ಭಾಗವನ್ನು ಆಶ್ರಯಿಸಿದೆ, ಆ ಭಾಗ ಹಾಳಾದರೂ ಕೇಳಿಸಿಕೊಳ್ಳುವ, ಎಣಿಸುವ, ಉತ್ತರ ಕೊಡಬೇಕೆಂದು ಹಂಬಲಿಸುವ ಮನುಷ್ಯ ಹಾಗೇ ಇದ್ದಾನೆ. ಮೊದಲನೆಯದನ್ನು ನಾವು ಬೇಗ ಒಪ್ಪಿಕೊಂಡೆವು. ಎರಡನೆಯದನ್ನು ನಮ್ಮ ಮನೆಗಳಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. ಲಕ್ವ ಹೊಡೆದು ಮಾತು ಬಿದ್ದುಹೋದ ಹಿರಿಯರ ಮುಂದೆಯೇ ‘ಅವರಿಗೀಗ ಏನೂ ತಿಳಿಯೋದಿಲ್ಲ’ ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಈ ಅಂಕಣ ಬರೆಯಲು ಮುಖ್ಯ ಕಾರಣ ಆ ಮಾತು.

ಮೊದಲು ಸಾಮಾನ್ಯ ಮಾತಿನ ವಿಚಾರ. ನಾವು ಹರಟುವಾಗ ಸೆಕೆಂಡಿಗೆ ಎರಡು ಮೂರು ಪದಗಳನ್ನು ಆಡುತ್ತೇವೆ. ಧ್ವನಿಗಳ ಲೆಕ್ಕದಲ್ಲಿ ಹತ್ತು ಹದಿನೈದು. ತುಟಿ, ನಾಲಿಗೆ, ದವಡೆ, ಗಂಟಲು, ಎದೆ ಎಲ್ಲ ಸೇರಿ ಸುಮಾರು ನೂರು ಸ್ನಾಯುಗಳು ಇದಕ್ಕಾಗಿ ದುಡಿಯುತ್ತವೆ. ಹತ್ತಾರು ಸಾವಿರ ಪದಗಳಿಂದ ಬೇಕಾದ್ದೊಂದನ್ನು ಆರಿಸುವಲ್ಲಿ ತಪ್ಪಾಗುವುದು ಸಾವಿರಕ್ಕೊಮ್ಮೆ ಎಂಬಷ್ಟು ವಿರಳ. ಒಂದು ಬೆಕ್ಕಿನ ಚಿತ್ರ ತೋರಿಸಿ ಹೆಸರು ಹೇಳೆಂದರೆ ‘ಬೆಕ್ಕು’ ಎಂಬ ಸದ್ದು ಹೊರಡಲು ಬೇಕಾಗುವುದು ಸುಮಾರು 600 ಮಿಲಿಸೆಕೆಂಡು, ಅಂದರೆ ಒಂದು ಸೆಕೆಂಡಿನ ಮುಕ್ಕಾಲು ಪಾಲೂ ಇಲ್ಲ.

ಅಷ್ಟರೊಳಗೆ ಏನೆಲ್ಲ ನಡೆಯುತ್ತದೆ ಎಂಬುದನ್ನು ಡಚ್ ಮನೋವಿಜ್ಞಾನಿ ವಿಲೆಮ್ ಲೆವೆಲ್ಟ್ ಮತ್ತು ಅವರ ಸಂಗಡಿಗರು ಹಂತಹಂತವಾಗಿ ಬಿಡಿಸಿಟ್ಟಿದ್ದಾರೆ. ಕಂಡದ್ದೇನೆಂದು ಗುರುತಾಗಬೇಕು. ಆ ಅರ್ಥಕ್ಕೆ ಹೊಂದುವ ಪದ ಎದ್ದು ಬರಬೇಕು. ಅದು ನಾಮಪದವೋ ಕ್ರಿಯಾಪದವೋ, ಯಾವ ಲಿಂಗ, ಯಾವ ವಚನ ಎಂಬುದು ಜೊತೆಗೇ ಬರಬೇಕು. ಆಮೇಲೆ ಪದದ ಧ್ವನಿಗಳು ಸಾಲುಗೂಡಬೇಕು. ಕೊನೆಗೆ ನಾಲಿಗೆ ತುಟಿಗಳಿಗೆ ಆಜ್ಞೆ ಹೋಗಬೇಕು. 2009ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಮಿದುಳಿನೊಳಗೇ ಅಳೆದರು. ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆಂದು ಕೆಲವು ರೋಗಿಗಳ ಮಿದುಳಿನಲ್ಲಿ ತೆಳು ವಿದ್ಯುದ್ವಾರಗಳನ್ನು ಇಟ್ಟಿದ್ದರು, ಅವು ಬ್ರೋಕಾ ವಲಯವನ್ನೂ ಹಾದುಹೋಗಿದ್ದವು. ಪದದ ಗುರುತು ಸುಮಾರು 200 ಮಿಲಿಸೆಕೆಂಡಿಗೆ, ವ್ಯಾಕರಣದ ರೂಪ 320ಕ್ಕೆ, ಧ್ವನಿಯ ರೂಪ 450ಕ್ಕೆ: ಒಂದೇ ಚಿಕ್ಕ ಜಾಗದಲ್ಲಿ ಮೂರು ಕೆಲಸಗಳು ಒಂದರ ಹಿಂದೊಂದರಂತೆ ನಡೆದದ್ದು ಗೆರೆಯೆಳೆದಂತೆ ಕಂಡಿತು.

ವಿದ್ಯುದ್ವಾರವಿಲ್ಲದೆಯೂ ಈ ಹಂತಗಳನ್ನು ಕಾಣಬಹುದು; ನಾಲಿಗೆ ತಪ್ಪಿದ ಗಳಿಗೆಯನ್ನು ಗಮನಿಸಬೇಕು, ಅಷ್ಟೇ. ‘ಕಾಫಿ ಲೋಟ’ ಎನ್ನಲು ಹೋಗಿ ಯಾರೋ ‘ಲಾಫಿ ಕೋಟ’ ಎಂದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಆದರೆ ಅಲ್ಲಿ ಆದದ್ದು ನೋಡಿ. ‘ಕ’ಕಾರ ‘ಲ’ಕಾರಗಳು ಜಾಗ ಬದಲಿಸಿವೆ, ಅವುಗಳ ಹಿಂದಿನ ‘ಆ’, ‘ಓ’ ಸ್ವರಗಳು ಕದಲಿಲ್ಲ. ಬರೆಯುವಾಗ ‘ಕಾ’ ಒಂದೇ ಅಕ್ಷರ; ಮಿದುಳಿನ ಸಿದ್ಧತೆಯಲ್ಲಿ ಮಾತ್ರ ವ್ಯಂಜನ ಬೇರೆ, ಸ್ವರ ಬೇರೆ. ಇನ್ನೊಂದು ಬಗೆಯ ತಪ್ಪಿದೆ. ‘ಮೇಜಿನ ಮೇಲೆ ಪುಸ್ತಕ ಇದೆ’ ಎನ್ನುವ ಬದಲು ಬಾಯಿ ‘ಪುಸ್ತಕದ ಮೇಲೆ ಮೇಜು ಇದೆ’ ಎಂದುಬಿಡುತ್ತದೆ. ಇಲ್ಲಿ ಪದಗಳೇ ಅದಲುಬದಲಾಗಿವೆ. ಆದರೂ ‘ಪುಸ್ತಕಿನ’ ಎಂದು ಯಾರ ಬಾಯಲ್ಲೂ ಬರುವುದಿಲ್ಲ. ಹೊಸದಾಗಿ ಬಂದು ಕೂತ ಪದಕ್ಕೆ ಒಪ್ಪುವ ‘ದ’ ತಾನಾಗಿ ಹತ್ತಿಕೊಂಡಿದೆ. ಪದ ಆರಿಸುವ ಹಂತದಲ್ಲಿ ಎಡವಿದ ಮೇಲೂ ಪ್ರತ್ಯಯ ಹಚ್ಚುವ ಹಂತ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದೆ ಎಂದರ್ಥ. ಅಮೆರಿಕದ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ 1971ರಲ್ಲಿ ಇಂಗ್ಲಿಷಿನ ಇಂಥ ತಪ್ಪುಗಳನ್ನು ಗುಡ್ಡೆಹಾಕಿ ಪರೀಕ್ಷಿಸಿ, ತಪ್ಪುಗಳಿಗೂ ಒಂದು ಕಟ್ಟುನಿಟ್ಟಿದೆ ಎಂದು ತೋರಿಸಿದರು. ಕನ್ನಡದಂಥ ಪ್ರತ್ಯಯಗಳ ಭಾಷೆಯಲ್ಲಿ ಆ ಕಟ್ಟು ಇನ್ನೂ ಎದ್ದು ಕಾಣುತ್ತದೆ ಎನ್ನುವುದು ನನ್ನ ಎಣಿಕೆ.

ಹೆಸರು ನಾಲಿಗೆಯ ತುದಿಯಲ್ಲಿದ್ದೂ ಬಾರದ ಅನುಭವ ಎಲ್ಲರಿಗೂ ಇದೆ. 1966ರಲ್ಲಿ ಹಾರ್ವರ್ಡಿನ ಬ್ರೌನ್ ಮತ್ತು ಮೆಕ್‌ನೀಲ್ ಅದನ್ನೇ ಪ್ರಯೋಗಕ್ಕೆ ಒಡ್ಡಿದರು. ಪದ ಸಿಗದೆ ಒದ್ದಾಡುತ್ತಿರುವಾಗಲೂ ಅದರ ಮೊದಲ ಅಕ್ಷರ ಯಾವುದು, ಪದ ಉದ್ದವೋ ಗಿಡ್ಡವೋ ಎಂಬುದನ್ನು ಜನ ಬಹಳ ಸಲ ಸರಿಯಾಗಿ ಹೇಳುತ್ತಿದ್ದರು. ಅರ್ಥ ಗೊತ್ತಿದೆ, ಪದ ಇದೆ ಎಂಬುದೂ ಗೊತ್ತಿದೆ, ಧ್ವನಿ ಮಾತ್ರ ಕೈಗೆಟುಕುತ್ತಿಲ್ಲ. ನಮಗೆ ಅರೆನಿಮಿಷ ಕಾಡುವ ಈ ಸ್ಥಿತಿಯಲ್ಲಿ ದಿನಪೂರ್ತಿ, ಕಂಡ ಪ್ರತಿಯೊಂದು ವಸ್ತುವಿನ ಹೆಸರಿಗೂ ಸಿಕ್ಕಿಬಿದ್ದಿರುವವರಿದ್ದಾರೆ.

ಅವರದ್ದು ಅಫೇಸಿಯಾ: ಮಿದುಳಿಗೆ ಪೆಟ್ಟಾಗಿ, ಇದ್ದ ಭಾಷೆ ಪೂರ್ತಿಯೋ ಭಾಗಶಃವೋ ಕೈತಪ್ಪಿದ ಸ್ಥಿತಿ. ಹೆಚ್ಚಿನ ಪಾಲು ಇದಕ್ಕೆ ಪಾರ್ಶ್ವವಾಯುವೇ ಕಾರಣ. ಪಾರ್ಶ್ವವಾಯು ಆದವರಲ್ಲಿ ಸುಮಾರು ಮೂರನೇ ಒಂದು ಭಾಗದವರಿಗೆ ಅಫೇಸಿಯಾ ಕಾಣಿಸಿಕೊಳ್ಳುತ್ತದೆ. ಬಲಗೈ ರೂಢಿಯವರಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಗೆ ಭಾಷೆ ಮಿದುಳಿನ ಎಡಭಾಗವನ್ನೇ ನೆಚ್ಚಿಕೊಂಡಿದೆ. ಎಡಗೈ ರೂಢಿಯವರಲ್ಲೂ ಹೆಚ್ಚಿನವರದ್ದು ಎಡವೇ. ದೇಹದ ಬಲಭಾಗವನ್ನು ಆಳುವುದೂ ಅದೇ ಎಡಮಿದುಳು, ಎರಡಕ್ಕೂ ರಕ್ತ ಒಯ್ಯುವುದು ಒಂದೇ ದೊಡ್ಡ ರಕ್ತನಾಳದ ಕವಲುಗಳು. ಬಲಗೈ ಬಲಗಾಲು ಸತ್ವ ಕಳೆದುಕೊಂಡವರಿಗೆ ಮಾತೂ ಒಟ್ಟಿಗೇ ಹೋಗುವುದು ಈ ಕಾರಣಕ್ಕೆ.

ಬ್ರೋಕಾ ವಲಯದ ಸುತ್ತ ಪೆಟ್ಟಾದವರು ತಡವರಿಸಿ, ಬೆವರಿಳಿಸಿ ಒಂದೊಂದೇ ಪದ ಎತ್ತಿ ತರುತ್ತಾರೆ. ‘ಬಸ್ಸು… ಆಸ್ಪತ್ರೆ… ಮಗ… ಸೋಮವಾರ.’ ಹೇಳಬೇಕಾದ್ದರ ತಿರುಳು ಅಲ್ಲಿದೆ. ಮಗ ಬಸ್ಸಿನಲ್ಲಿ ಬಂದನೋ, ಬಸ್ಸಿಗೆ ಹತ್ತಿಸಿದನೋ, ಸೋಮವಾರ ಕರೆದೊಯ್ಯುತ್ತಾನೋ ಎಂದು ತಿಳಿಸುವ ಪ್ರತ್ಯಯಗಳು ಮಾತ್ರ ಇಲ್ಲ. 1874ರಲ್ಲಿ, ಇನ್ನೂ ಇಪ್ಪತ್ತಾರು ವರ್ಷದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದರ ತಿರುವುಮುರುವಿನಂಥ ರೋಗಿಗಳ ಬಗ್ಗೆ ಬರೆದ. ಅವರ ಮಿದುಳಿನಲ್ಲಿ ಪೆಟ್ಟಾಗಿದ್ದದ್ದು ಹಿಂದಕ್ಕೆ, ಎಡಗಿವಿಯ ಮೇಲ್ಗಡೆಯ ಭಾಗದಲ್ಲಿ. ಇಂಥವರನ್ನು ‘ಊಟ ಆಯಿತೇ?’ ಎಂದು ಕೇಳಿದರೆ ಬರುವ ಉತ್ತರ ಹೀಗಿರಬಹುದು (ಉದಾಹರಣೆ ನಾನು ಕಟ್ಟಿದ್ದು): ‘ಹೌದು, ಅವರು ನಿನ್ನೆಯ ಕಿಟಕಿಗೆ ಹೋಗಿ ತೆಳ್ಳಗೆ ಮಾಡಿಟ್ಟಿದ್ದಾರೆ, ನಾವು ಆ ಸೊರಟಿಯನ್ನು ಬಿಡಲೇ ಇಲ್ಲ.’ ರಾಗ ಸರಿ, ಪ್ರತ್ಯಯ ಸರಿ, ಕರ್ತೃವಿಗೆ ಕ್ರಿಯಾಪದವೂ ಹೊಂದಿಕೊಂಡಿದೆ. ಅರ್ಥವಿಲ್ಲ. ‘ಸೊರಟಿ’ ಎಂಬ ಪದವೇ ಭಾಷೆಯಲ್ಲಿಲ್ಲ. ಇತರರ ಮಾತೂ ಅವರಿಗೆ ಸರಿಯಾಗಿ ಅರ್ಥವಾಗುವುದಿಲ್ಲ, ತಮ್ಮ ಮಾತು ಕೆಟ್ಟಿದೆ ಎಂಬ ಅರಿವೂ ಹಲವು ಸಲ ಇರುವುದಿಲ್ಲ. ಇಂಥವರಿಗೆ ಹುಚ್ಚು ಹಿಡಿದಿದೆಯೆಂದು ಬೇರೆ ವೈದ್ಯರ ಬಳಿಗೆ, ಮಂತ್ರ ತಾಯಿತಗಳ ಕಡೆಗೆ ಕರೆದೊಯ್ದು ದಿನ ಕಳೆಯುವ ಕುಟುಂಬಗಳನ್ನು ನೆನೆದರೆ ಸಂಕಟವಾಗುತ್ತದೆ. ಕೈಕಾಲು ಬಿದ್ದಿಲ್ಲವೆಂಬ ಕಾರಣಕ್ಕೆ ಇದೂ ಲಕ್ವದ ಒಂದು ರೂಪ ಎಂದು ಹೊಳೆಯುವುದೇ ಇಲ್ಲ.

ಊರಿನಲ್ಲಿ ಕರೆಂಟು ಹೋದಾಗ ಯಾವ ಯಾವ ಬೀದಿಗಳು ಒಟ್ಟಿಗೆ ಕತ್ತಲಾದವು, ಯಾವ ಮನೆಯ ದೀಪ ಉರಿಯುತ್ತಲೇ ಇದೆ ಎಂದು ನೋಡಿ ಯಾವ ಲೈನು ಎಲ್ಲಿಂದ ಬಂದಿದೆ ಎಂದು ಲೈನ್‌ಮ್ಯಾನ್ ಹೇಳಬಲ್ಲ. ನರರೋಗ ತಜ್ಞರು ಒಂದೂವರೆ ಶತಮಾನದಿಂದ ಮಾಡುತ್ತಿರುವುದು ಅದನ್ನೇ. ಯಾವುದು ಹೋಯಿತು ಎಂಬುದಕ್ಕಿಂತ, ಯಾವುದು ಹೋಗಿಯೂ ಯಾವುದು ಉಳಿಯಿತು ಎಂಬ ಪ್ರಶ್ನೆ ಅವರಿಗೆ ಹೆಚ್ಚು ಕಲಿಸಿದೆ.

ಉಳಿದದ್ದರ ಪಟ್ಟಿ ನಂಬಲಾಗದಷ್ಟು ವಿಚಿತ್ರ. 1892ರಲ್ಲಿ ಪ್ಯಾರಿಸ್ಸಿನ ಜೂಲ್ ದೆಜೆರಿನ್ ವರ್ಣಿಸಿದ ಒಬ್ಬ ವ್ಯಾಪಾರಿ ಸರಾಗವಾಗಿ ಪತ್ರ ಬರೆಯುತ್ತಿದ್ದ, ತಾನು ಬರೆದದ್ದನ್ನು ತಾನೇ ಓದಲಾಗುತ್ತಿರಲಿಲ್ಲ. ಕಣ್ಣು ಕಾಣುತ್ತಿತ್ತು, ಅಂಕಿಗಳನ್ನು ಓದುತ್ತಿದ್ದ. ಅಕ್ಷರಗಳು ಮಾತ್ರ ಬರೀ ಗೆರೆಗಳಾಗಿಬಿಟ್ಟಿದ್ದವು. ನೋಟದ ಕೇಂದ್ರಕ್ಕೂ ಭಾಷೆಯ ಕೇಂದ್ರಕ್ಕೂ ನಡುವಿನ ದಾರಿ ಕಡಿದುಹೋಗಿತ್ತು. ಕನ್ನಡ ಮತ್ತು ಇಂಗ್ಲಿಷ್ ಎರಡನ್ನೂ ಬಲ್ಲವರೊಬ್ಬರಲ್ಲಿ ಕಂಡ ಇಂಥದ್ದೇ ಸ್ಥಿತಿಯ ಬಗ್ಗೆ ಪ್ರತಿಭಾ ಕಾರಂತ ಅವರು 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಬರೆದರು. ನಮ್ಮ ಲಿಪಿ ಓದುವ ಮಿದುಳಿನ ಬಗ್ಗೆ ಜಗತ್ತಿಗೆ ಸಿಕ್ಕ ಮೊದಮೊದಲ ಬರಹಗಳಲ್ಲಿ ಅದೂ ಒಂದು. 1991ರಲ್ಲಿ ರೊಬೆರ್ತೊ ಕುಬೆಲ್ಲಿ ವರ್ಣಿಸಿದ ಇಟಲಿಯ ರೋಗಿಯೊಬ್ಬ ಬರೆಯುವಾಗ ಸ್ವರಗಳನ್ನೆಲ್ಲ ಬಿಟ್ಟು, ಅವುಗಳ ಜಾಗವನ್ನು ಮಾತ್ರ ಖಾಲಿ ಉಳಿಸುತ್ತಿದ್ದ. ವ್ಯಂಜನಗಳೆಲ್ಲ ಸರಿಯಾಗಿದ್ದವು. ಸ್ವರ ವ್ಯಂಜನಗಳು ಬೇರೆಬೇರೆ ಎಂಬ ವಿಂಗಡಣೆ ವ್ಯಾಕರಣದ ಪುಸ್ತಕದಲ್ಲಷ್ಟೇ ಅಲ್ಲ, ಮಿದುಳಿನಲ್ಲೂ ಇದೆ. ಬೇರೊಬ್ಬ ರೋಗಿಗೆ ಹಣ್ಣು ತರಕಾರಿಗಳ ಹೆಸರಷ್ಟೇ ಹೋಗಿದೆ, ಮತ್ತೊಬ್ಬರಿಗೆ ಜನರ ಹೆಸರಷ್ಟೇ, ಇನ್ನೊಬ್ಬರಿಗೆ ಕ್ರಿಯಾಪದಗಳಷ್ಟೇ.

ಹಾಡಿನ ಸಂಗತಿ ಇನ್ನೂ ಬೆರಗಿನದು. ಒಂದು ಪದ ಜೋಡಿಸಲಾಗದವರು ಚಿಕ್ಕಂದಿನಲ್ಲಿ ಕಲಿತ ದೇವರನಾಮವನ್ನು ಪದಸಹಿತ ಹಾಡಬಲ್ಲರು. ಒಂದು ಎರಡು ಮೂರು ಎಂದು ಎಣಿಸಬಲ್ಲರು. ವಾರಗಳ ಹೆಸರನ್ನು ಸಾಲಾಗಿ ಒಪ್ಪಿಸಬಲ್ಲರು. ತಾನ್‌ನ ಬೈಗುಳ ಇದೇ ಗುಂಪಿಗೆ ಸೇರಿದ್ದು. ಹೊಸ ವಾಕ್ಯ ಕಟ್ಟುವುದೂ ಬಾಯಿಪಾಠವಾದದ್ದು ಉಕ್ಕಿ ಬರುವುದೂ ಬೇರೆಬೇರೆ ಎಂದು ಇಂಗ್ಲೆಂಡಿನ ಹ್ಯೂಲಿಂಗ್ಸ್ ಜಾಕ್ಸನ್ 19ನೇ ಶತಮಾನದಲ್ಲೇ ಗುರುತಿಸಿದ್ದ. ಇದನ್ನೇ ಆಧಾರವಾಗಿಟ್ಟು 1973ರಲ್ಲಿ ಬಾಸ್ಟನ್ನಿನ ವೈದ್ಯರು ರಾಗದ ಮೂಲಕ ಮಾತು ಕಲಿಸುವ ಚಿಕಿತ್ಸೆಯೊಂದನ್ನು ರೂಪಿಸಿದರು. 2011ರಲ್ಲಿ ತಲೆಯ ಎಡಭಾಗಕ್ಕೆ ಗುಂಡೇಟು ಬಿದ್ದ ಅಮೆರಿಕದ ಸಂಸದೆ ಗ್ಯಾಬಿ ಗಿಫರ್ಡ್ಸ್ ಅವರ ಚೇತರಿಕೆಯಲ್ಲಿ ಹಾಡಿಗೆ ದೊಡ್ಡ ಪಾಲಿತ್ತು. ಸೋವಿಯತ್ ಸಂಗೀತ ಸಂಯೋಜಕ ಶೆಬಾಲಿನ್ ಅವರ ಕಥೆ ಇದಕ್ಕೂ ಒಂದು ಹೆಜ್ಜೆ ಮುಂದೆ. 1959ರ ಎರಡನೆಯ ಪಾರ್ಶ್ವವಾಯುವಿನ ನಂತರ ಎದುರಿಗಿದ್ದವರ ಮಾತು ತಿಳಿಯುವುದೂ ಅವರಿಗೆ ಕಷ್ಟವಾಯಿತು. ಅದೇ ಸ್ಥಿತಿಯಲ್ಲಿ ಐದನೆಯ ಸಿಂಫನಿ ಬರೆದು ಮುಗಿಸಿದರು. ಸ್ವೀಡನ್ನಿನ ಕವಿ ತೋಮಸ್ ತ್ರಾನ್‌ಸ್ತ್ರೋಮರ್ 1990ರಲ್ಲಿ ಮಾತನ್ನೂ ಬಲಗೈಯ ಶಕ್ತಿಯನ್ನೂ ಕಳೆದುಕೊಂಡು, ಎಡಗೈಯೊಂದರಿಂದ ಪಿಯಾನೋ ನುಡಿಸುತ್ತಿದ್ದರು. ಕವಿತೆ ಬರೆಯುವುದನ್ನೂ ಬಿಡಲಿಲ್ಲ. 2011ರ ನೊಬೆಲ್ ಅವರಿಗೆ ಬಂತು.

ಈ ಕಲಾವಿದರನ್ನು ಅಪವಾದ ಎಂದು ಬದಿಗಿಡಬಹುದು. ಆದ್ದರಿಂದ ನಾನು ಹೆಚ್ಚು ಬೆಲೆ ಕೊಡುವುದು ಇಂಗ್ಲೆಂಡಿನ ರೋಸ್ಮರಿ ವಾರ್ಲಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಒಂದು ಅಧ್ಯಯನಕ್ಕೆ. ಎಡಮಿದುಳಿಗೆ ಭಾರೀ ಪೆಟ್ಟಾಗಿ ವ್ಯಾಕರಣ ಕಳೆದುಕೊಂಡಿದ್ದ ಮೂವರು ಗಂಡಸರು. ಸಿಂಹ ಮನುಷ್ಯನನ್ನು ಕೊಂದಿತೋ, ಮನುಷ್ಯ ಸಿಂಹವನ್ನು ಕೊಂದನೋ ಎಂಬ ವ್ಯತ್ಯಾಸ ವಾಕ್ಯ ಕೇಳಿ ಅವರಿಗೆ ತಿಳಿಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಹೇಳುವುದು ಪದಗಳ ಅನುಕ್ರಮ. ಕನ್ನಡದಲ್ಲಿ ‘ಅನ್ನು’ ಪ್ರತ್ಯಯ. ಅದೇ ಮಂದಿಗೆ ಕೂಡುವ ಕಳೆಯುವ ಲೆಕ್ಕ ಕೊಟ್ಟರೆ, ಯಾವುದರಿಂದ ಯಾವುದನ್ನು ಕಳೆಯಬೇಕು ಎಂಬ ಅನುಕ್ರಮ ತಪ್ಪುತ್ತಿರಲಿಲ್ಲ. ಆವರಣದೊಳಗೊಂದು ಆವರಣ ಇಟ್ಟ ಲೆಕ್ಕಗಳನ್ನೂ ಬಿಡಿಸಿದರು. ಭಾಷೆ ಪೂರ್ತಿ ಕುಸಿದವರು ಚದುರಂಗ ಆಡಿದ್ದು, ಕಾರ್ಯಕಾರಣ ವಿವೇಚಿಸಿದ್ದು, ಎದುರಿನವರ ಮನಸ್ಸಿನಲ್ಲೇನಿದೆ ಎಂದು ಊಹಿಸಿದ್ದು ಬೇರೆ ಅಧ್ಯಯನಗಳಲ್ಲಿ ದಾಖಲಾಗಿದೆ. ಯೋಚನೆ ಎಂದರೆ ಒಳಗೊಳಗೇ ಆಡುವ ಮಾತು ಎಂಬ ಹಳೆಯ ನಂಬಿಕೆ ಇವರ ಎದುರು ನಿಲ್ಲುವುದಿಲ್ಲ.

ಮಾತು ಎಂದರೆ ಧ್ವನಿಯೇ ಎಂಬ ಇನ್ನೊಂದು ನಂಬಿಕೆಯನ್ನು ಕಿವುಡರು ಮುರಿದರು. 1987ರಲ್ಲಿ ಸಂಶೋಧಕರಾದ ಪಾಯ್ಸ್‌ನರ್, ಕ್ಲಿಮಾ ಮತ್ತು ಬೆಲ್ಲೂಗಿ ಅಮೆರಿಕದ ಸನ್ನೆಭಾಷೆ ಬಳಸುವ ಕಿವುಡರಲ್ಲಿ ಪಾರ್ಶ್ವವಾಯು ಆದವರ ಬಗ್ಗೆ ಪುಸ್ತಕ ಬರೆದರು. ಕೈಯಿಂದ ಗಾಳಿಯಲ್ಲಿ ಕಟ್ಟುವ ಭಾಷೆಯಾದ್ದರಿಂದ, ಜಾಗ ದಿಕ್ಕುಗಳ ಅರಿವಿಗೆ ಹೆಸರಾದ ಬಲಮಿದುಳೇ ಅದನ್ನು ಆಳುತ್ತಿರಬೇಕು ಎಂದು ಯಾರಿಗೂ ಅನ್ನಿಸುತ್ತದೆ. ಕಂಡದ್ದು ಬೇರೆ. ಬಲಮಿದುಳಿಗೆ ಪೆಟ್ಟಾದವರು ಚಿತ್ರ ಬರೆಯಲಾರದೆ ಹೋದರೂ ಸನ್ನೆಭಾಷೆಯನ್ನು ಸರಿಯಾಗಿಯೇ ಆಡಿದರು. ಎಡಮಿದುಳಿಗೆ ಪೆಟ್ಟಾದವರಿಗೆ ಕೈ ಆಡುತ್ತಿದ್ದರೂ ಭಾಷೆ ತಪ್ಪಿತು. ಕೆಲವರದ್ದು ಬ್ರೋಕಾನ ರೋಗಿಗಳಂತೆ ತಡವರಿಕೆ, ಕೆಲವರದ್ದು ಸರಾಗವಾದ ಅಸಂಬದ್ಧ. ಎಡಮಿದುಳು ಬಾಯಿಯ ಅಥವಾ ಕಿವಿಯ ಸೊತ್ತಲ್ಲ, ಭಾಷೆಯ ಸೊತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಸಾಕ್ಷಿ ನನಗೆ ಗೊತ್ತಿಲ್ಲ. ಕಿವುಡ ಮಕ್ಕಳ ಸನ್ನೆಭಾಷೆಯನ್ನು ಈಗಲೂ ಅರೆಬರೆ ಭಾಷೆಯೆಂದು ಕಾಣುವ ಶಾಲೆಗಳು ಇದನ್ನು ಓದಬೇಕು.

ಹಾಗಾದರೆ ಬ್ರೋಕಾ ವಲಯವೇ ಮಾತನ್ನು ಹೊರಡಿಸುತ್ತದೆಯೇ? ನೂರೈವತ್ತು ವರ್ಷ ಪಠ್ಯಪುಸ್ತಕಗಳು ಹೌದೆಂದವು. ಲೆಬೋರ್ನ್‌ನ ಮಿದುಳನ್ನು ಬ್ರೋಕಾ ಕತ್ತರಿಸದೆ ಇಡಿಯಾಗಿ ಕಾಪಿಟ್ಟಿದ್ದ. ಅದು ಪ್ಯಾರಿಸ್ಸಿನ ಸಂಗ್ರಹಾಲಯದಲ್ಲಿ ಉಳಿದುಬಂತು. 2007ರಲ್ಲಿ ನೀನಾ ಡ್ರಾಂಕರ್ಸ್ ಮತ್ತು ಸಂಗಡಿಗರು ಅದನ್ನು ಎಂಆರ್‌ಐ ಯಂತ್ರದೊಳಗಿಟ್ಟು ನೋಡಿದಾಗ, ಪೆಟ್ಟು ಮೇಲ್ಮೈಯ ಆ ಗುಳಿಗಷ್ಟೇ ನಿಲ್ಲದೆ ಒಳಗಿನ ನರತಂತುಗಳ ಕಟ್ಟುಗಳವರೆಗೂ ಇಳಿದಿತ್ತು. 2015ರಲ್ಲಿ ಮಿದುಳಿನ ಮೇಲೆಯೇ ವಿದ್ಯುದ್ವಾರ ಇಟ್ಟು ಅಳೆದ ಅಡೀನ್ ಫ್ಲಿಂಕರ್ ತಂಡಕ್ಕೆ ಕಂಡದ್ದು, ಪದ ಹೊರಡುವ ಮುನ್ನ ಬ್ರೋಕಾ ವಲಯ ಚುರುಕಾಗಿರುತ್ತದೆ, ಬಾಯಿ ಆಡತೊಡಗುವಷ್ಟರಲ್ಲಿ ಸುಮ್ಮನಾಗುತ್ತದೆ ಎಂದು. ನಾಲಿಗೆ ತುಟಿಗಳನ್ನು ನಡೆಸುವುದು ಅದರ ಹಿಂದಿರುವ ಚಲನ ಪಟ್ಟಿ. ಬ್ರೋಕಾ ವಲಯದ್ದು ಯೋಜನೆ ಹಾಕಿ ದಾಟಿಸುವ ಕೆಲಸ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ, ಎಎಲ್‌ಎಸ್ ಎಂಬ ನರರೋಗದಿಂದ ಮಾತು ಅಸ್ಪಷ್ಟವಾದ ಮಹಿಳೆಯೊಬ್ಬರ ಮಿದುಳಿನ ಸಂಕೇತಗಳಿಂದ ನಿಮಿಷಕ್ಕೆ 62 ಪದಗಳನ್ನು ಕಂಪ್ಯೂಟರಿಗೆ ಓದಿಸಿದರು. ಅಲ್ಲೂ ಚಲನ ಪಟ್ಟಿಯ ಬಳಿ ನೆಟ್ಟ ಸೂಕ್ಷ್ಮ ತಂತಿಗಳಿಂದ ಮಾತಿನ ಸುಳಿವು ಧಾರಾಳ ಸಿಕ್ಕಿತು, ಬ್ರೋಕಾ ವಲಯದಲ್ಲಿ ನೆಟ್ಟವುಗಳಿಂದ ಹೆಚ್ಚೇನೂ ಸಿಗಲಿಲ್ಲ. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಡ್ವರ್ಡ್ ಚಾಂಗ್ ತಂಡ, ಮಿದುಳಕಾಂಡದ ಪಾರ್ಶ್ವವಾಯುವಿನಿಂದ 18 ವರ್ಷ ಮಾತಿಲ್ಲದೆ ಇದ್ದ ಮಹಿಳೆಗೆ ನಿಮಿಷಕ್ಕೆ 78 ಪದಗಳ ವೇಗದಲ್ಲಿ ಮಾತು ಮರಳಿಸಿತು. ಆಕೆಯ ಮದುವೆಯ ವಿಡಿಯೊದಲ್ಲಿದ್ದ ಧ್ವನಿಯ ಮಾದರಿಯಲ್ಲಿ.

ಇಲ್ಲೊಂದು ಎಚ್ಚರಿಕೆ ಬೇಕು. ಈ ಇಬ್ಬರಲ್ಲೂ ಭಾಷೆ ಇಡಿಯಾಗಿತ್ತು, ಸ್ನಾಯುಗಳಿಗೆ ಹೋಗುವ ದಾರಿ ಮಾತ್ರ ಕೆಟ್ಟಿತ್ತು. 1985ರಲ್ಲಿ ಧ್ವನಿ ಕಳೆದುಕೊಂಡ ಸ್ಟೀಫನ್ ಹಾಕಿಂಗ್ ಕೂಡ ಹಾಗೆಯೇ. ಭಾಷೆಯೇ ಒಡೆದ ಅಫೇಸಿಯಾಗೆ ಇಂಥ ಯಂತ್ರ ಇನ್ನೂ ಇಲ್ಲ. ಸುದ್ದಿ ಓದಿದ ಅನೇಕರು ನಾಳೆಯೇ ತಮ್ಮ ಮನೆಯವರಿಗೂ ಇದು ಸಿಗುತ್ತದೆಂದು ಆಸೆಪಡುತ್ತಾರೆ. ವೈದ್ಯರು ಮತ್ತು ಪತ್ರಕರ್ತರು ಈ ಭೇದವನ್ನು ಬಿಡಿಸಿ ಹೇಳಲೇಬೇಕು.

ನಮ್ಮಲ್ಲಿ ಇನ್ನೊಂದು ಪದರವಿದೆ. ಮನೆಯಲ್ಲಿ ತುಳು, ಕೊಂಕಣಿ, ಉರ್ದು ಅಥವಾ ತೆಲುಗು, ಬೀದಿಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್ ಆಡುವವರಿಗೆ ಪಾರ್ಶ್ವವಾಯು ಹೊಡೆದರೆ ಯಾವ ಭಾಷೆ ಮೊದಲು ಮರಳುತ್ತದೆ? ಚಿಕ್ಕಂದಿನದು ಎಂದು 1881ರಲ್ಲಿ ಫ್ರಾನ್ಸಿನ ರಿಬೊ ಹೇಳಿದ. ಪೆಟ್ಟಾಗುವ ಹೊತ್ತಿಗೆ ಹೆಚ್ಚು ಬಳಕೆಯಲ್ಲಿದ್ದದ್ದು ಎಂದು 1895ರಲ್ಲಿ ಅದೇ ದೇಶದ ಪಿತ್ರ್ ಹೇಳಿದ. ಎರಡಕ್ಕೂ ಉದಾಹರಣೆಗಳಿವೆ, ಎರಡನ್ನೂ ಮುರಿಯುವ ಉದಾಹರಣೆಗಳೂ ಇವೆ. ಹೆಚ್ಚಿನವರಲ್ಲಿ ಭಾಷೆಗಳು ಸರಿಸುಮಾರು ಒಟ್ಟಿಗೇ ಹೋಗಿ ಒಟ್ಟಿಗೇ ಮರಳುತ್ತವೆ. ಹಲವು ಭಾಷೆ ಬಲ್ಲವರ ಮಿದುಳಿನ ಬಗ್ಗೆ ಡಾ. ಸುವರ್ಣ ಅಲ್ಲಾಡಿ ಅವರು ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ಸಂಸ್ಥೆಯಲ್ಲಿದ್ದಾಗ ನಡೆಸಿದ ಅಧ್ಯಯನಗಳು ಜಗತ್ತಿನ ಗಮನ ಸೆಳೆದವು. ಈಗ ಅವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ. 2013ರ ಅಧ್ಯಯನದಲ್ಲಿ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳನ್ನು ನೋಡಿದಾಗ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಓದುಬರಹ ಬಾರದವರಲ್ಲೂ ಹೀಗೆಯೇ. 2016ರಲ್ಲಿ ಪಾರ್ಶ್ವವಾಯುವಾದ 608 ಮಂದಿಯಲ್ಲಿ, ನೆನಪು ಗಮನಗಳಂಥ ಶಕ್ತಿ ಸರಿಯಾಗಿ ಉಳಿದದ್ದು ಬಹುಭಾಷಿಕರಲ್ಲಿ ಶೇ. 40ರಷ್ಟು, ಒಂದೇ ಭಾಷೆಯವರಲ್ಲಿ ಶೇ. 20ರಷ್ಟು. ಆದರೆ ಅಫೇಸಿಯಾದ ಪ್ರಮಾಣ ಎರಡೂ ಗುಂಪಿನಲ್ಲಿ ಸಮನಾಗಿತ್ತು. ಅಂದರೆ ಹಲವು ಭಾಷೆ ಕಲಿತವರಿಗೆ ಒಟ್ಟು ಮಿದುಳಿನ ತಾಳಿಕೆ ಹೆಚ್ಚಿರಬಹುದು, ಭಾಷೆಗಳಿಗೇ ಪೆಟ್ಟು ಬೀಳುವುದು ಮಾತ್ರ ಅದರಿಂದ ತಪ್ಪುವುದಿಲ್ಲ.

ರೋಗ ಒಂದೇ ಆದರೂ ಅದು ಕಾಣುವ ರೀತಿ ಭಾಷೆಯಿಂದ ಭಾಷೆಗೆ ಬೇರೆ. ಇಂಗ್ಲಿಷ್ ರೋಗಿಗಳು ಪ್ರತ್ಯಯ ಬಿಟ್ಟು ಬರೀ ಧಾತು ಹೇಳುತ್ತಾರೆ. ಹೀಬ್ರೂವಿನಲ್ಲಿ ಸ್ವರ ಸೇರದ ಧಾತುವನ್ನು ಉಚ್ಚರಿಸಲೇ ಬಾರದು. ಅಲ್ಲಿಯ ರೋಗಿಗಳು ಪ್ರತ್ಯಯ ಬಿಡುವ ಬದಲು ತಪ್ಪು ಪ್ರತ್ಯಯ ಹಚ್ಚುತ್ತಾರೆ. ಹಾಗಿರುವಾಗ ಇಂಗ್ಲಿಷಿಗೆ ಮಾಡಿದ ಪರೀಕ್ಷೆಯನ್ನು ಭಾಷಾಂತರಿಸಿ ಕನ್ನಡದವರಿಗೆ ಹಾಕಿದರೆ ನಡೆಯುವುದಿಲ್ಲ. ಕನ್ನಡಕ್ಕೆಂದೇ ಪರೀಕ್ಷೆ ಕಟ್ಟುವ ಕೆಲಸವನ್ನು ಮೊದಲಿನಿಂದ ಮಾಡಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯವರು. ಕನ್ನಡದ ವ್ಯಾಕರಣವನ್ನೇ ಆಧರಿಸಿ ಪ್ರತಿಭಾ ಕಾರಂತ ಅವರು ರೂಪಿಸಿದ ಭಾಷಾ ಪರೀಕ್ಷೆ, ಹೊರದೇಶದ ಅಫೇಸಿಯಾ ಪರೀಕ್ಷೆಯ ಕನ್ನಡ ರೂಪ, ಎರಡೂ ಬಳಕೆಯಲ್ಲಿವೆ. ಮೈಸೂರಿನವರಿಗೂ ಆ ಸಂಸ್ಥೆ ಕಿವುಡುತನಕ್ಕೆ, ಮಕ್ಕಳ ತೊದಲಿಗೆ ಎಂದಷ್ಟೇ ಗೊತ್ತು. ಲಕ್ವದಿಂದ ಮಾತು ಹೋದವರೂ ಅಲ್ಲಿಗೆ ಹೋಗಬಹುದು ಎಂಬುದು ಊರೂರಿಗೆ ತಿಳಿಯಬೇಕು.

ಕೊನೆಗೆ ಓದುಗರಲ್ಲಿ ಕೆಲವು ಬೇಡಿಕೆಗಳು. ಯಾರಿಗಾದರೂ ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅಥವಾ ಅರ್ಥವಿಲ್ಲದ ಮಾತು ಬಂದರೆ, ಆಗ ಗಂಟೆಯೆಷ್ಟು ಎಂದು ನೋಡಿಕೊಂಡು 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಹೋಗಿ. ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಸಾಮಾನ್ಯವಾಗಿ ಇರುವ ಅವಧಿ ನಾಲ್ಕೂವರೆ ಗಂಟೆ; ನಾಟಿ ಔಷಧಿ, ಎಣ್ಣೆ ತಿಕ್ಕುವುದು ಎಂದು ಆ ಹೊತ್ತನ್ನು ಕಳೆಯಬೇಡಿ. ಮನೆಗೆ ಮರಳಿದವರೊಂದಿಗೆ ಟಿವಿ ಆರಿಸಿ, ಎದುರು ಕೂತು, ಚಿಕ್ಕ ವಾಕ್ಯಗಳಲ್ಲಿ ಮಾತಾಡಿ. ಕೂಗಬೇಡಿ, ಕಿವಿ ಕೆಟ್ಟಿಲ್ಲ. ಒಂದು ಪದಕ್ಕಾಗಿ ಅವರು ಹೆಣಗುವಾಗ ಬಾಯಿಂದ ಕಸಿದುಕೊಳ್ಳದೆ ಕಾಯಿರಿ; ಬೆರಳು, ಚಿತ್ರ, ತಲೆಯಾಡಿಸುವುದು, ಅವರು ಬಲ್ಲ ಯಾವ ಭಾಷೆಯಾದರೂ ಸರಿ. ಆಸ್ತಿ, ಮದುವೆ, ಚಿಕಿತ್ಸೆಯ ತೀರ್ಮಾನಗಳನ್ನು ಅವರನ್ನು ಕೇಳದೆ ಮಾಡಬೇಡಿ. ಮಾತಿಲ್ಲವೆಂಬ ಒಂದೇ ಕಾರಣಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಅನ್ಯಾಯ. ಸ್ಪೀಚ್ ಥೆರಪಿಯಿಂದ ಪ್ರಯೋಜನವಿದೆ ಎಂಬುದು ಹಲವು ಪ್ರಯೋಗಗಳಲ್ಲಿ ಸಿದ್ಧವಾಗಿದೆ. ಮೊದಲ ತಿಂಗಳುಗಳಲ್ಲಿ ಚೇತರಿಕೆ ವೇಗವಾಗಿರುತ್ತದೆ, ವರ್ಷಗಳ ನಂತರವೂ ಸುಧಾರಿಸಿದವರಿದ್ದಾರೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ದಿನವೇ ಹತ್ತಿರದ ಸ್ಪೀಚ್ ಥೆರಪಿಸ್ಟ್ ಯಾರೆಂದು ವೈದ್ಯರನ್ನು ಕೇಳಿ ಬರೆದುಕೊಳ್ಳಿ, ಮತ್ತು ಚಿಕಿತ್ಸೆಯನ್ನು ನಡುವೆ ಬಿಡಬೇಡಿ.